ಪಕ್ಕದ ದೇಶಕ್ಕೆ ಯಾರ ಮೂಲಕ ಹೋಗುವುದು? ಒಂದು ಸಣ್ಣ ಯಂತ್ರ ಕಾರ್ಖಾನೆಯ ಪ್ರಕರಣ ಅಧ್ಯಯನ

ಇದು ಲೆಕ್ಕಾಚಾರ ಬಿಡಿಸಿ ತೋರಿಸಲು ಕಟ್ಟಿದ ಮಾದರಿ ಪ್ರಕರಣ. ಇಲ್ಲಿನ ಕಾರ್ಖಾನೆ, ವ್ಯಾಪಾರಿ ಮತ್ತು ಮಾರಾಟದ ಅಂಕಿಗಳು ಮಾದರಿಗಾಗಿ ಇಟ್ಟುಕೊಂಡವು. ಉಲ್ಲೇಖಿಸಿರುವ ಅಂತರರಾಷ್ಟ್ರೀಯ ನಿಯಮಗಳು, ಸಂಹಿತೆಗಳು, ಕಸ್ಟಮ್ಸ್ ಸಂಖ್ಯೆಗಳು ನಿಜವಾದವು. ಯಾವ ದೇಶದ ಹಣಕ್ಕಾದರೂ ಹೊಂದಲಿ ಎಂದು ಕಾರ್ಖಾನೆ ಬಾಗಿಲಲ್ಲಿ ಒಂದು ಯಂತ್ರದ ಬೆಲೆಯನ್ನು 100 ಎಂದು ಹಿಡಿದಿದೆ. ಉಳಿದ ಮೊತ್ತಗಳೆಲ್ಲ ಅದೇ ಅಳತೆಯಲ್ಲಿವೆ.

ಕಾರ್ಖಾನೆ ಇದ್ದ ಸ್ಥಿತಿ

38 ಜನ ಕೆಲಸ ಮಾಡುವ ಕಾರ್ಖಾನೆ. ಪುಡಿ ಪದಾರ್ಥಗಳನ್ನು ಚೀಲಕ್ಕೆ ತುಂಬಿ ಮುಚ್ಚುವ ಯಂತ್ರವೊಂದೇ ಅದರ ಸರಕು. ವರ್ಷಕ್ಕೆ 150 ಯಂತ್ರ ಮಾಡುವ ಸಾಮರ್ಥ್ಯವಿದ್ದು, ಸ್ವದೇಶದಲ್ಲಿ ಹೋಗುತ್ತಿರುವುದು 120. ಕಚ್ಚಾ ಮಾಲು ಮತ್ತು ಕೂಲಿ ಸೇರಿ ಒಂದು ಯಂತ್ರಕ್ಕೆ ತಗಲುವ ನೇರ ವೆಚ್ಚ 68. ಅಂದರೆ ಬಾಗಿಲಲ್ಲಿ ಮಾರಿದ ಪ್ರತಿ ಯಂತ್ರಕ್ಕೆ 32 ಉಳಿಯುತ್ತದೆ. ಕಚೇರಿ ಖರ್ಚು, ಬಡ್ಡಿ, ಲಾಭ ಎಲ್ಲವೂ ಅದರಲ್ಲೇ ಆಗಬೇಕು.

ಗಡಿಯಾಚೆಯ ಪೇಟೆಗೆ ಲಾರಿಯಲ್ಲಿ ಮೂರು ದಿನದ ದಾರಿ. ಹಿಂದಿನ ಎರಡು ವರ್ಷಗಳಲ್ಲಿ ಅಲ್ಲಿಗೆ ಆರು ಯಂತ್ರ ಹೋಗಿದ್ದವು. ಅದಕ್ಕಾಗಿ ಯಾರೂ ಓಡಾಡಿರಲಿಲ್ಲ. ಗಿರಾಕಿಗಳೇ ಹುಡುಕಿಕೊಂಡು ಬಂದು, ಹಣ ಕೊಟ್ಟು, ಬಾಗಿಲಲ್ಲೇ ಯಂತ್ರ ಎತ್ತಿಕೊಂಡು ಹೋಗಿದ್ದರು. ಆಮೇಲೆ ಅಲ್ಲಿನ ಯಂತ್ರ ವ್ಯಾಪಾರಿಯೊಬ್ಬರಿಂದ ಪ್ರಸ್ತಾವ ಬಂತು: ಇಡೀ ದೇಶಕ್ಕೆ ಏಕೈಕ ವಿತರಕನ ಹಕ್ಕು ಬೇಕು, ಅವಧಿ ಐದು ವರ್ಷ, ರಿಯಾಯಿತಿ ಶೇಕಡಾ 25. ವರ್ಷಕ್ಕೆ 20 ಯಂತ್ರ ಎತ್ತುವ ಭರವಸೆಯೂ ಇತ್ತು, ಆದರೆ ಬಾಯಿಮಾತಿನಲ್ಲಿ.

ಸಣ್ಣ ಉದ್ದಿಮೆಗಳು ಪಕ್ಕದ ಪೇಟೆಗೆ ಕಾಲಿಡುವುದು ಬಹುತೇಕ ಹೀಗೆಯೇ. ಮೊದಲು ಬಾಗಿಲು ತಟ್ಟಿದವರೇ ದಾರಿಯಾಗುತ್ತಾರೆ. ಆ ದಾರಿ ಸರಿಯೋ ಎಂದು ಕೇಳುವ ಹೊತ್ತಿಗೆ ಸಹಿ ಬಿದ್ದಿರುತ್ತದೆ. ಈ ಕಾರ್ಖಾನೆ ಉತ್ತರ ಕೊಡುವುದಕ್ಕೆ ಆರು ವಾರ ತೆಗೆದುಕೊಂಡಿತು. ಪ್ರಕರಣದ ತಿರುಳು ಆ ಆರು ವಾರಗಳ ಲೆಕ್ಕದಲ್ಲಿದೆ.

ಶೇಕಡಾ 25, ಆದರೆ ಯಾವ ಪಟ್ಟಿಯ ಮೇಲೆ?

ಮೊದಲು ಹಳೆಯ ಆರು ಯಂತ್ರಗಳು ಗಿರಾಕಿಗೆ ಎಷ್ಟಕ್ಕೆ ಬಿದ್ದಿದ್ದವು ಎಂದು ಲೆಕ್ಕ ಹಾಕಲಾಯಿತು. ಬಾಗಿಲ ಬೆಲೆ 100. ಪ್ಯಾಕಿಂಗ್ 2, ಗಡಿವರೆಗಿನ ಒಳಸಾಗಣೆ ಮತ್ತು ರಫ್ತು ಕಾಗದಪತ್ರ 3, ಗಡಿ ದಾಟುವ ಬಾಡಿಗೆ ಮತ್ತು ವಿಮೆ 3. ಕಸ್ಟಮ್ಸ್ ಮೌಲ್ಯ 108 ಆಯಿತು. ಅದರ ಮೇಲೆ ಶೇಕಡಾ 10 ಸುಂಕ ಎಂದರೆ 10.8. ಆಚೆಗಿನ ಸಾಗಣೆ 2, ಕಸ್ಟಮ್ಸ್ ಏಜೆಂಟನ ಶುಲ್ಕ 1.2. ಒಟ್ಟು 122. ಗಿರಾಕಿಗಳು ತಕರಾರಿಲ್ಲದೆ ಕೊಟ್ಟ ಬೆಲೆ ಇದು. ಕಾರ್ಖಾನೆಯವರಿಗೆ ಮಾತ್ರ ಈ ಸಂಖ್ಯೆ ಗೊತ್ತೇ ಇರಲಿಲ್ಲ. ತಮ್ಮ ಯಂತ್ರ ಅಲ್ಲಿ 100ಕ್ಕೆ ಮಾರಾಟವಾಗುತ್ತಿದೆ ಎಂದೇ ಅವರು ತಿಳಿದಿದ್ದರು.

ಆ 10.8ರ ಸುಂಕ ಕಟ್ಟಬೇಕಾದ ಅಗತ್ಯವೇ ಇರಲಿಲ್ಲ. ಎರಡು ದೇಶಗಳ ನಡುವೆ ವ್ಯಾಪಾರ ಒಪ್ಪಂದವಿತ್ತು, ಸರಕು ಯಾವ ದೇಶದಲ್ಲಿ ತಯಾರಾದದ್ದು ಎಂದು ಹೇಳುವ ಮೂಲ ಪ್ರಮಾಣಪತ್ರ ಜತೆಗಿದ್ದರೆ ಸುಂಕ ಸೊನ್ನೆ. ಪ್ರಮಾಣಪತ್ರ ಯಾಕಿರಲಿಲ್ಲ ಎಂದರೆ ಮಾರಾಟ ನಡೆದದ್ದು ‘ಎಕ್ಸ್ ವರ್ಕ್ಸ್’ ಷರತ್ತಿನಲ್ಲಿ. ಸಾಗಣೆಯಲ್ಲಿ ಯಾರ ಹೊಣೆ ಎಲ್ಲಿಯವರೆಗೆ ಎಂದು ಹೇಳುವ ಅಂತರರಾಷ್ಟ್ರೀಯ ನಿಯಮಾವಳಿ ಇನ್ಕೊಟರ್ಮ್ಸ್ 2020ರ ಹನ್ನೊಂದು ಷರತ್ತುಗಳಲ್ಲಿ ಮಾರುವವನ ಹೊಣೆ ಅತಿ ಕಡಿಮೆ ಇರುವುದು ಇದರಲ್ಲೇ: ಸರಕನ್ನು ತನ್ನ ಜಾಗದಲ್ಲಿ ಸಿದ್ಧವಾಗಿಟ್ಟರೆ ಸಾಕು. ಲಾರಿಗೆ ಏರಿಸುವುದು, ರಫ್ತು ಕಾಗದ ಮಾಡಿಸುವುದು ಎಲ್ಲ ಕೊಳ್ಳುವವನ ತಲೆಗೆ. ಹೊರದೇಶದ ಗಿರಾಕಿ ಈ ದೇಶದ ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆಯುವುದಿಲ್ಲ, ಸುಂಕ ಕಟ್ಟಿ ಮುಗಿಸುತ್ತಾನೆ. ಮಾರುವವನಿಗೆ ರಫ್ತಿನ ಪುರಾವೆಯೂ ಸರಿಯಾಗಿ ಕೈಸೇರದೆ ತೆರಿಗೆ ವಿನಾಯಿತಿ ಪಡೆಯುವುದು ಕಷ್ಟವಾಗುತ್ತದೆ. ‘ಎಫ್‌ಸಿಎ’ ಷರತ್ತಿಗೆ, ಅಂದರೆ ಸರಕನ್ನು ಕೊಳ್ಳುವವನ ಸಾಗಣೆದಾರನಿಗೆ ಒಪ್ಪಿಸುವುದಕ್ಕೆ, ಬದಲಾದರೆ ರಫ್ತಿನ ಕೆಲಸ ಮಾರುವವನದಾಗುತ್ತದೆ, ಪ್ರಮಾಣಪತ್ರ ಕೈಯಲ್ಲಿರುತ್ತದೆ, ಸುಂಕ ಉಳಿಯುತ್ತದೆ. ಯಾವ ವಿತರಕನನ್ನೂ ನೇಮಿಸದೆ, ಒಂದು ಷರತ್ತು ಬದಲಾಯಿಸಿದರೇ ಪ್ರತಿ ಯಂತ್ರದಲ್ಲಿ 10.8 ಬಿಡುಗಡೆಯಾಗುತ್ತಿತ್ತು.

ಈಗ ವ್ಯಾಪಾರಿಯ ಪ್ರಸ್ತಾವವನ್ನು ನೋಡೋಣ. ಅವರು ರಿಯಾಯಿತಿ ಕೇಳಿದ್ದು ಸ್ವದೇಶದ ಬೆಲೆಪಟ್ಟಿಯ ಮೇಲೆ. ಎಫ್‌ಸಿಎ ಬೆಲೆ (ಬಾಗಿಲ 100, ಪ್ಯಾಕಿಂಗ್ 2, ಒಳಸಾಗಣೆ 3) 105, ಅದರಲ್ಲಿ ಶೇಕಡಾ 25 ಕಳೆದರೆ 78.75. ನೇರ ವೆಚ್ಚ, ಪ್ಯಾಕಿಂಗ್, ಒಳಸಾಗಣೆ ಸೇರಿ 73. ಖಾತರಿ ಅವಧಿಯ ಬಿಡಿಭಾಗಕ್ಕೆ 2 ತೆಗೆದಿಟ್ಟರೆ ಕಾರ್ಖಾನೆಗೆ ಉಳಿಯುವುದು 3.75. ವರ್ಷಕ್ಕೆ 20 ಯಂತ್ರ ಹೋದರೂ 75. ಒಂದು ಯಂತ್ರದ ಬೆಲೆಯೂ ಹುಟ್ಟುವುದಿಲ್ಲ. ವ್ಯಾಪಾರಿಯ ಕಡೆಯ ಲೆಕ್ಕ ಹೀಗೆ: 78.75ಕ್ಕೆ ಗಡಿ ಬಾಡಿಗೆ, ಆಚೆಯ ಸಾಗಣೆ, ಏಜೆಂಟ್ ಶುಲ್ಕ ಸೇರಿ 6.2 ಕೂಡಿಸಿದರೆ 84.95. ಪೇಟೆಯಲ್ಲಿ ಆಗಲೇ ಒಪ್ಪಿಗೆಯಾಗಿರುವ ಬೆಲೆ 122. ಅವರಿಗೆ ಉಳಿಯುವುದು 37.05.

ವಿತರಕನಿಗೆ 37 ಉಳಿಯುವುದು ತಾನಾಗಿ ತಪ್ಪೇನಲ್ಲ. ಆತ ದಾಸ್ತಾನು ಇಟ್ಟುಕೊಂಡು, ಗಿರಾಕಿಗೆ ಸಾಲ ಕೊಟ್ಟು, ಮೆಕ್ಯಾನಿಕ್ ಇಟ್ಟುಕೊಂಡು, ಖಾತರಿ ಸರ್ವಿಸ್ ಮಾಡುವುದಾದರೆ ಅಷ್ಟು ಬೇಕಾಗಲೂಬಹುದು. ಪ್ರಸ್ತಾವದಲ್ಲಿ ಇವುಗಳ ಪೈಕಿ ಒಂದೂ ಬರವಣಿಗೆಯಲ್ಲಿ ಇರಲಿಲ್ಲ. ಇನ್ನೊಂದು ಅಪಾಯ ಐದು ವರ್ಷದ ಅವಧಿಯಲ್ಲಿತ್ತು. ಇಂದು 30 ಯಂತ್ರದ ಸಾಮರ್ಥ್ಯ ಖಾಲಿ ಇದೆ, ಹಾಗಾಗಿ 3.75 ಕೂಡ ಬಂದಷ್ಟು ಬಂತು ಎನಿಸಬಹುದು. ಎರಡು ವರ್ಷದಲ್ಲಿ ಸ್ವದೇಶದ ಬೇಡಿಕೆ 145ಕ್ಕೆ ಏರಿದರೆ, ವ್ಯಾಪಾರಿಗೆ ಕೊಡಬೇಕಾದ 20ರಲ್ಲಿ 15 ಯಂತ್ರಗಳು 32 ಉಳಿಸುವ ಗಿರಾಕಿಯಿಂದ ಕಿತ್ತುಕೊಂಡವೇ ಆಗುತ್ತವೆ.

ಆರು ಯಂತ್ರಗಳ ದೂರು ಪುಸ್ತಕ

ಲೆಕ್ಕಕ್ಕಿಂತ ಹೆಚ್ಚು ತಿಳಿಸಿದ್ದು ಹಳೆಯ ದೂರುಗಳ ಪುಸ್ತಕ. ಆರರಲ್ಲಿ ನಾಲ್ಕು ಗಿರಾಕಿಗಳು ಮೊದಲ ಎರಡು ತಿಂಗಳೊಳಗೆ ತೂಕ ಸರಿಬರುತ್ತಿಲ್ಲ ಎಂದು ಫೋನ್ ಮಾಡಿದ್ದರು.

ಈ ಯಂತ್ರ ಪುಡಿಯನ್ನು ಅಳೆಯುವುದು ತೂಕದಿಂದಲ್ಲ, ಗಾತ್ರದಿಂದ. ಕೊಳವೆಯೊಳಗಿನ ಸ್ಕ್ರೂ ಇಷ್ಟು ಸುತ್ತು ತಿರುಗಿದರೆ ಇಷ್ಟು ಗಾತ್ರದ ಪುಡಿ ಬೀಳುತ್ತದೆ. ಪುಡಿಯಲ್ಲಿ ತೇವ ಹೆಚ್ಚಿದರೆ, ಬೀಸಿದ್ದು ನಯವಾದರೆ, ಮೇಲಿನ ಹಾಪರ್‌ನಲ್ಲಿ ಪುಡಿಯ ಮಟ್ಟ ಇಳಿದರೆ ಅದರ ಸಾಂದ್ರತೆ ಬದಲಾಗುತ್ತದೆ. ಗಾತ್ರ ಅಷ್ಟೇ ಇದ್ದರೂ ತೂಕ ಹೆಚ್ಚುಕಡಿಮೆಯಾಗುತ್ತದೆ. ಹೊಸ ಪುಡಿ ಬಂದಾಗ ಸುತ್ತಿನ ಸಂಖ್ಯೆ ಹೊಂದಿಸಬೇಕು, ಕೆಲವೊಮ್ಮೆ ಸ್ಕ್ರೂ ಅನ್ನೇ ಬದಲಾಯಿಸಬೇಕು. ಅನುಭವವಿರುವ ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ. ಗೊತ್ತಿಲ್ಲದವನ ಕೈಗೆ ಸಿಕ್ಕರೆ ಯಂತ್ರವೇ ಕೆಟ್ಟದ್ದು ಎಂಬ ಹೆಸರು ಬರುತ್ತದೆ.

ಪೇಟೆಗೆ ಹೋಗುವ ದಾರಿಯನ್ನು ತೀರ್ಮಾನಿಸುವುದು ಇಂಥ ಸಂಗತಿಯೇ. ತಿರುಪು, ಬೋಲ್ಟು ಮಾರುವವರಿಗೆ ಯಾವ ವಿತರಕನಾದರೂ ನಡೆದೀತು. ಮಾರಿದ ಮೇಲೆ ಅವನಿಗೆ ಕೆಲಸವಿಲ್ಲ. ಮಾರಿದ ಮೇಲೆಯೇ ನಿಜವಾದ ಕೆಲಸ ಶುರುವಾಗುವ ಸರಕಿಗೆ ‘ಯಾರು ಮಾರುತ್ತಾರೆ’ ಎಂಬುದಕ್ಕಿಂತ ‘ತೂಕ ತಪ್ಪಿದಾಗ ಗಿರಾಕಿ ಯಾರಿಗೆ ಫೋನ್ ಮಾಡುತ್ತಾನೆ’ ಎಂಬುದು ಮುಖ್ಯ. ಆ ಫೋನ್ ಯಾರಿಗೆ ಹೋಗುತ್ತದೋ ಪೇಟೆ ಅವರದು. ಆರು ವಾರಗಳಲ್ಲಿ ಕಾರ್ಖಾನೆ ಈ ಒಂದು ಪ್ರಶ್ನೆಯನ್ನು ಹಿಡಿದು ಎಲ್ಲ ದಾರಿಗಳನ್ನೂ ತೂಗಿತು.

ಉಳಿದ ದಾರಿಗಳ ಲೆಕ್ಕ

ಕಮಿಷನ್ ಏಜೆಂಟ್. ಆತ ಸರಕು ಕೊಳ್ಳುವುದಿಲ್ಲ, ಗಿರಾಕಿ ತರುತ್ತಾನೆ; ಬಿಲ್ಲು ಕಾರ್ಖಾನೆಯ ಹೆಸರಿನಲ್ಲಿ. ಗಿರಾಕಿಗೆ ಈಗಿನ 122ರ ಬೆಲೆಯನ್ನೇ ಉಳಿಸಿಕೊಂಡು ‘ಡಿಎಪಿ’ ಷರತ್ತಿನಲ್ಲಿ ಅವನ ಜಾಗಕ್ಕೆ ತಲುಪಿಸಿದರೆ ಬಿಲ್ಲು 120.8, ಆಮದು ಕಾಗದದ 1.2 ಗಿರಾಕಿಯದು. ಪ್ಯಾಕಿಂಗ್ ಮತ್ತು ಸಾಗಣೆಯ 10 ಕಳೆದರೆ 110.8. ಅದರ ಮೇಲೆ ಶೇಕಡಾ 8 ಕಮಿಷನ್ ಎಂದರೆ 8.9. ನೇರ ವೆಚ್ಚ 68. ಗಡಿಯಾಚೆಗೆ ಎರಡು ಸರ್ವಿಸ್ ಭೇಟಿ ಮತ್ತು ಖಾತರಿ ಬಿಡಿಭಾಗ ಸೇರಿ 6. ಉಳಿಯುವುದು 27.9. ಗಿರಾಕಿಯ ಹೆಸರು, ವಿಳಾಸ, ದೂರು ಎಲ್ಲ ಕಾರ್ಖಾನೆಯ ಪುಸ್ತಕದಲ್ಲೇ ಇರುತ್ತವೆ. ತೊಂದರೆ ಏನೆಂದರೆ ಬಾಕಿ ಮುಳುಗಿದರೆ ಅದೂ ಕಾರ್ಖಾನೆಯದೇ, ಮತ್ತು ಪ್ರತಿ ದೂರಿಗೂ ಮೆಕ್ಯಾನಿಕ್ ಮೂರು ದಿನದ ದಾರಿ ಸವೆಸಬೇಕು.

ಏಜೆಂಟನನ್ನು ಬಿಡುವಾಗಿನ ಕಾನೂನನ್ನು ನೇಮಿಸುವ ಮೊದಲೇ ಓದಬೇಕು. ಐರೋಪ್ಯ ಒಕ್ಕೂಟದ 1986ರ ವಾಣಿಜ್ಯ ಏಜೆಂಟರ ನಿರ್ದೇಶನ ಇದಕ್ಕೆ ಒಳ್ಳೆಯ ಉದಾಹರಣೆ. ಅನಿರ್ದಿಷ್ಟ ಅವಧಿಯ ಒಪ್ಪಂದವಾದರೆ ಮೊದಲ ವರ್ಷದಲ್ಲಿ ಒಂದು ತಿಂಗಳು, ಎರಡನೆಯ ವರ್ಷದಲ್ಲಿ ಎರಡು, ಮೂರರಿಂದ ಮುಂದೆ ಮೂರು ತಿಂಗಳ ನೋಟಿಸ್ ಕನಿಷ್ಠ. ಅದರ ಮೇಲೆ ಬೀಳ್ಕೊಡುವ ಮೊತ್ತ ಅಥವಾ ನಷ್ಟ ಪರಿಹಾರ. ಮೊದಲಿನದನ್ನು ಆಯ್ದ ದೇಶಗಳಲ್ಲಿ ಅದರ ಗರಿಷ್ಠ ಮಿತಿ ಹಿಂದಿನ ಐದು ವರ್ಷಗಳ ಸರಾಸರಿಯಂತೆ ಒಂದು ವರ್ಷದ ಕಮಿಷನ್. ಇದೇ ಬಗೆಯ ರಕ್ಷಣೆಯನ್ನು ವಿತರಕರಿಗೂ ಕೊಡುವ ದೇಶಗಳಿವೆ.

ಸ್ವಂತ ಶಾಖೆ. ಒಬ್ಬ ಮ್ಯಾನೇಜರ್, ಒಬ್ಬ ಮೆಕ್ಯಾನಿಕ್, ಬಾಡಿಗೆ, ವಾಹನ, ಲೆಕ್ಕಪತ್ರ, ಆಡಿಟ್ ಸೇರಿ ವರ್ಷಕ್ಕೆ 900 ಎಂದು ಅಂದಾಜಾಯಿತು. ಕಮಿಷನ್ ಇಲ್ಲ, ಸರ್ವಿಸ್ ಭೇಟಿಯ ಖರ್ಚು ಶಾಖೆಯ ಸಂಬಳದಲ್ಲೇ ಸೇರಿಹೋಗಿದೆ. ಖಾತರಿಯ 2 ಮಾತ್ರ ಕಳೆದರೆ ಯಂತ್ರಕ್ಕೆ 40.8 ಉಳಿಯುತ್ತದೆ. 900ನ್ನು ತುಂಬಿಸಿಕೊಳ್ಳಲು 23 ಯಂತ್ರ ಬೇಕು. ಆದರೆ ಸರಿಯಾದ ಹೋಲಿಕೆ ಅದಲ್ಲ. ಶಾಖೆ ತನ್ನ ಖರ್ಚನ್ನು ತುಂಬಿಸಿಕೊಂಡರೆ ಸಾಲದು, ಏಜೆಂಟನಿಗಿಂತ ಹೆಚ್ಚು ಉಳಿಸಬೇಕು. ಎರಡರ ವ್ಯತ್ಯಾಸ ಯಂತ್ರಕ್ಕೆ 12.9, 900ನ್ನು ಅದರಿಂದ ಭಾಗಿಸಿದರೆ 70. ವರ್ಷಕ್ಕೆ 70 ಯಂತ್ರ ಹೋಗದ ಹೊರತು ಶಾಖೆಗಿಂತ ಏಜೆಂಟನೇ ಲಾಭ. ‘23 ಮಾರಿದರೆ ಸಾಕಲ್ಲ’ ಎಂದು ಶಾಖೆ ತೆರೆದು ಎರಡನೆಯ ವರ್ಷ ಮುಚ್ಚುವವರು ಎಡವುವುದು ಈ ಎರಡು ಭಾಗಾಕಾರಗಳ ನಡುವೆ.

ಪರವಾನಗಿ ಕೊಟ್ಟು ಅಲ್ಲೇ ತಯಾರಿಸುವ ದಾರಿಯನ್ನು ಬೇಗ ಬದಿಗಿಟ್ಟರು. ಯಂತ್ರಕ್ಕೆ ಪೇಟೆಂಟ್ ಇಲ್ಲ. ಸ್ಕ್ರೂಗಳ ನಕ್ಷೆ, ಯಾವ ಪುಡಿಗೆ ಯಾವ ಹೊಂದಿಕೆ ಎಂಬ ಪಟ್ಟಿಯೇ ಇಡೀ ಬಂಡವಾಳ. ಒಮ್ಮೆ ಕೊಟ್ಟ ನಕ್ಷೆಯನ್ನು ವಾಪಸು ಪಡೆಯುವ ಉಪಾಯವಿಲ್ಲ. ಪಾಲುದಾರಿಕೆ ಕಂಪನಿಯ ಮಾತೂ ಅಲ್ಲಿಗೇ ನಿಂತಿತು. ಇನ್ನೂ ಆರೇ ಯಂತ್ರ ಮಾರಿದವರಿಗೆ ಪಾಲುದಾರನ ಗುಣ ಅಳೆಯಲು ಏನೂ ಆಧಾರವಿರುವುದಿಲ್ಲ.

ಹತ್ತಿರ ಎಂಬ ನಂಬಿಕೆ

ಉದ್ದಿಮೆಗಳು ಹೊರದೇಶಕ್ಕೆ ಹಂತಹಂತವಾಗಿ ಹೋಗುತ್ತವೆ ಎಂಬ ವಿವರಣೆ ಬಂದದ್ದು ಸ್ವೀಡನ್ನಿನ ಉಪ್ಸಲಾದಿಂದ. 1975ರಲ್ಲಿ ಸ್ಯಾಂಡ್ವಿಕ್, ಅಟ್ಲಾಸ್ ಕಾಪ್ಕೊ, ಫಾಸಿಟ್, ವೋಲ್ವೊ ಕಂಪನಿಗಳ ಚರಿತ್ರೆ ನೋಡಿ ಗುರುತಿಸಿದ ಮೆಟ್ಟಿಲುಗಳು ನಾಲ್ಕು: ಆಗೊಮ್ಮೆ ಈಗೊಮ್ಮೆ ರಫ್ತು, ಏಜೆಂಟ್, ಸ್ವಂತ ಮಾರಾಟ ಕಂಪನಿ, ಕೊನೆಗೆ ಅಲ್ಲೇ ತಯಾರಿಕೆ. 1977ರಲ್ಲಿ ಯಾನ್ ಯೋಹಾನ್ಸನ್ ಮತ್ತು ಯಾನ್ ಎರಿಕ್ ವಾಲ್ನೆ ಅದಕ್ಕೆ ಕಾರಣ ಕೊಟ್ಟರು: ಪೇಟೆಯ ಅರಿವು ಅಲ್ಲಿ ಕೆಲಸ ಮಾಡಿಯೇ ಬರಬೇಕು, ಅರಿವು ಬೆಳೆದಷ್ಟೇ ಹಣ ಹೂಡುವ ಧೈರ್ಯ ಬೆಳೆಯುತ್ತದೆ. ಭಾಷೆ, ಪದ್ಧತಿ ಹತ್ತಿರವಿರುವ ದೇಶಗಳಿಂದ ಶುರುಮಾಡುವುದೂ ಅದಕ್ಕೇ.

ಆದರೆ ಹತ್ತಿರವೇ ಮೋಸಮಾಡುವುದೂ ಉಂಟು. ಅಮೆರಿಕಕ್ಕೆ ಹೋದ 32 ಕೆನಡಾ ಚಿಲ್ಲರೆ ಕಂಪನಿಗಳ ಬಗ್ಗೆ 1996ರಲ್ಲಿ ಪ್ರಕಟವಾದ ಅಧ್ಯಯನ ಕಂಡದ್ದು, ಅವುಗಳಲ್ಲಿ ಸರಿಯಾಗಿ ನಡೆಯುತ್ತಿದ್ದವು ಏಳು ಮಾತ್ರ. ನಮ್ಮಂತೆಯೇ ಇದ್ದಾರೆ ಎಂದುಕೊಂಡವರು ವ್ಯತ್ಯಾಸಗಳನ್ನು ಹುಡುಕಲೇ ಇಲ್ಲ. ಈ ಕಾರ್ಖಾನೆಯೂ ಅದೇ ದಾರಿಯಲ್ಲಿತ್ತು. ದೂರದ ದೇಶಕ್ಕಾಗಿದ್ದರೆ ಬೆಲೆಯ ಲೆಕ್ಕ, ಷರತ್ತು, ಪ್ರಮಾಣಪತ್ರ ಎಲ್ಲವನ್ನೂ ವಿಚಾರಿಸುತ್ತಿತ್ತು. ಪಕ್ಕದ ದೇಶವಾದ್ದರಿಂದ ಬಾಗಿಲಲ್ಲೇ ಯಂತ್ರ ಕೊಟ್ಟು ಕೈತೊಳೆದುಕೊಂಡಿತ್ತು.

ಆಯ್ದ ದಾರಿ

ದೇಶವನ್ನು ಒಂದೇ ತುಂಡಾಗಿ ಕೊಡಲಿಲ್ಲ. ಗಡಿಗೆ ಹತ್ತಿರದ, ಗಿರಾಕಿಗಳು ದಟ್ಟವಾಗಿರುವ ಪ್ರದೇಶಕ್ಕೆ ಆ ವ್ಯಾಪಾರಿಯನ್ನೇ ವಿತರಕನಾಗಿ ಮಾಡಿಕೊಂಡರು, ಆದರೆ 18 ತಿಂಗಳಿಗೆ. ಉಳಿದ ಪ್ರದೇಶಕ್ಕೆ ಬೇರೆ ಕಮಿಷನ್ ಏಜೆಂಟ್. ಸಹಿಗೆ ಮೊದಲು ವ್ಯಾಪಾರಿಯ ಐದು ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಲಾಯಿತು: ಯಂತ್ರ ನಿಂತಾಗ ಎಷ್ಟು ದಿನಕ್ಕೆ ಜನ ಬಂದರು? ಆತ ಮಾರುವ ಬೇರೆ ಕಂಪನಿಗಳ ಪಟ್ಟಿ ತರಿಸಿ, ಇದೇ ಕೆಲಸದ ಯಂತ್ರ ಅದರಲ್ಲಿದೆಯೇ ಎಂದು ನೋಡಲಾಯಿತು. ಪೈಪೋಟಿಯ ಯಂತ್ರವನ್ನು ಮಾರದೆ ಕಪಾಟಿನಲ್ಲಿ ಕೂರಿಸಿಬಿಡುವುದಕ್ಕಾಗಿಯೇ ಏಕೈಕ ಹಕ್ಕು ಕೇಳುವವರಿದ್ದಾರೆ.

ಬೆಲೆಪಟ್ಟಿಯನ್ನು ತಿರುಗಿಸಿ ಬರೆದದ್ದು ದೊಡ್ಡ ಬದಲಾವಣೆ. ಸ್ವದೇಶದ 100ರಿಂದ ಮೇಲಕ್ಕೆ ಹೋಗದೆ ಗಿರಾಕಿ ಕೊಡುವ 122ರಿಂದ ಕೆಳಕ್ಕೆ ಬಂದರು. 122ರಲ್ಲಿ ಆಚೆಯ ಖರ್ಚು 6.2 ಕಳೆದು, ರಫ್ತು ಪಟ್ಟಿಯ ಎಫ್‌ಸಿಎ ಬೆಲೆ 115.8 ಆಯಿತು. ರಿಯಾಯಿತಿ ಎರಡು ಭಾಗ. ಮಾರಾಟಕ್ಕೆ ಶೇಕಡಾ 16. ತರಬೇತಿ ಪಡೆದ ಇಬ್ಬರು ಮೆಕ್ಯಾನಿಕ್‌ಗಳು ಸಂಬಳದ ಪಟ್ಟಿಯಲ್ಲಿದ್ದರೆ ಶೇಕಡಾ 2.5, ನಿಗದಿಪಡಿಸಿದ ಬಿಡಿಭಾಗಗಳ ಪೆಟ್ಟಿಗೆ ದಾಸ್ತಾನಿನಲ್ಲಿದ್ದರೆ ಶೇಕಡಾ 1.5. ಎರಡನ್ನೂ ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ ಮುಂದಿನ ಬಿಲ್ಲಿನಲ್ಲಿ ಕಳೆಯುವುದು. ಪೂರ್ತಿ ಶೇಕಡಾ 20 ಸಿಕ್ಕಾಗ ವಿತರಕನಿಗೆ ಬೀಳುವ ಬೆಲೆ 92.64, ಅವರಿಗೆ ಉಳಿಯುವುದು 23.16, ಕಾರ್ಖಾನೆಗೆ 73 ವೆಚ್ಚ ಮತ್ತು 2 ಖಾತರಿ ಕಳೆದು 17.64. ಮೊದಲ ಪ್ರಸ್ತಾವದ 3.75ಕ್ಕೆ ಇದು ಸುಮಾರು ಐದು ಪಟ್ಟು.

ಒಪ್ಪಂದದಲ್ಲಿ ಹೆಚ್ಚು ಚರ್ಚೆಯಾದ ಕಲಮುಗಳು ಇವು. ಕನಿಷ್ಠ ಖರೀದಿಯನ್ನು ವರ್ಷಕ್ಕಲ್ಲ, ಮೂರು ತಿಂಗಳಿಗೆ ಎರಡು ಯಂತ್ರ ಎಂದು ಬರೆಯಲಾಯಿತು. ಸತತ ಎರಡು ಬಾರಿ ತಪ್ಪಿದರೆ ಒಪ್ಪಂದ ಮುರಿಯುವುದಿಲ್ಲ, ಏಕೈಕ ಹಕ್ಕು ಮಾತ್ರ ಹೋಗುತ್ತದೆ. ಒಪ್ಪಂದವನ್ನೇ ಮುರಿಯುವ ಕಲಮು ಹಾಕಿದರೆ ಅದನ್ನು ಬಳಸಲು ಯಾರಿಗೂ ಧೈರ್ಯ ಬರುವುದಿಲ್ಲ, ವ್ಯಾಜ್ಯಕ್ಕೂ ದಾರಿ. ಖಾತರಿ ಶುರುವಾಗುವುದು ಗಿರಾಕಿಯ ಹೆಸರು, ಜಾಗ, ತುಂಬುವ ಪುಡಿ ಯಾವುದು ಎಂದು ಬರೆದ ಅಳವಡಿಕೆ ಚೀಟಿ ಕಾರ್ಖಾನೆಗೆ ಬಂದ ದಿನದಿಂದ. ಚೀಟಿ ಇಲ್ಲದಿದ್ದರೆ ಖಾತರಿ ಬಿಡಿಭಾಗವಿಲ್ಲ. ವಿತರಕರು ಸಾಮಾನ್ಯವಾಗಿ ಗಿರಾಕಿಯ ಹೆಸರು ಬಿಟ್ಟುಕೊಡುವುದಿಲ್ಲ. ಹೆಸರಿಲ್ಲದೆ ಬಿಡಿಭಾಗ ಸಿಗದು ಎಂದಾದಾಗ ಕೊಡುತ್ತಾರೆ.

ಹೆಸರಿನ ನೋಂದಣಿಯನ್ನು ಸಹಿಗೆ ಮೊದಲೇ ಮುಗಿಸಲಾಯಿತು. ಸ್ವದೇಶದಲ್ಲಿ ಟ್ರೇಡ್‌ಮಾರ್ಕ್ ಇದ್ದವರು ಮ್ಯಾಡ್ರಿಡ್ ವ್ಯವಸ್ಥೆಯ ಮೂಲಕ ಇನ್ನೊಂದು ಸದಸ್ಯ ದೇಶಕ್ಕೆ ಅರ್ಜಿ ಹಾಕಬಹುದು. ಸ್ವದೇಶದ ಅರ್ಜಿ ಹೊಸದಾಗಿದ್ದರೆ ಆರು ತಿಂಗಳೊಳಗೆ ಹಾಕಿದವರಿಗೆ ಮೊದಲ ದಿನಾಂಕದ ಆದ್ಯತೆ ಸಿಗುತ್ತದೆ. ವಿತರಕನೇ ತನ್ನ ಹೆಸರಿಗೆ ಬ್ರ್ಯಾಂಡ್ ನೋಂದಾಯಿಸಿಕೊಳ್ಳುವುದು ಸಣ್ಣ ರಫ್ತುದಾರರಿಗೆ ಒದಗುವ ಹಳೆಯ ಕಷ್ಟ. ಪೇಟೆಂಟ್, ಟ್ರೇಡ್‌ಮಾರ್ಕ್‌ಗಳ ಕುರಿತ ಪ್ಯಾರಿಸ್ ಒಪ್ಪಂದದಲ್ಲಿ ಅದಕ್ಕೆ ತಡೆ ಇದೆ, ಆದರೆ ಆ ಹಕ್ಕನ್ನು ಹೊರದೇಶದ ಕೋರ್ಟಿನಲ್ಲಿ ಸಾಧಿಸುವ ಖರ್ಚು ನೋಂದಣಿಯ ಖರ್ಚಿಗಿಂತ ಎಷ್ಟೋ ಹೆಚ್ಚು.

ಬಿಡಿಭಾಗಗಳ ದಾಸ್ತಾನನ್ನು ಕಾರ್ಖಾನೆಯೇ ಅಲ್ಲಿ ಒಂದು ಗೋದಾಮು ಹಿಡಿದು ಇಡಬಾರದೇಕೆ ಎಂಬ ಪ್ರಶ್ನೆಯೂ ಬಂತು. ತೆರಿಗೆ ಸಲಹೆಗಾರರು ಬೇಡವೆಂದರು. ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಮಾದರಿ ತೆರಿಗೆ ಒಪ್ಪಂದದ ಐದನೆಯ ವಿಧಿಯಂತೆ ಸರಕನ್ನು ಸುಮ್ಮನೆ ಇಡುವ ಜಾಗ ಪೂರಕ ಕೆಲಸ ಎನಿಸಿಕೊಂಡು ವಿನಾಯಿತಿ ಪಡೆಯಬಹುದು. ಅಲ್ಲಿಂದ ಬಿಡಿಭಾಗ ಕೊಡುವುದರ ಜತೆಗೆ ಯಂತ್ರ ರಿಪೇರಿಯೂ ಶುರುವಾದರೆ ಅದು ಕಾಯಂ ನೆಲೆಯಾಗಿ, ಆ ದೇಶದಲ್ಲಿ ಆದಾಯ ತೆರಿಗೆಯ ಹೊಣೆ ಬರುತ್ತದೆ. ಕಾರ್ಖಾನೆಯ ಪರವಾಗಿ ಒಪ್ಪಂದಗಳನ್ನು ವಾಡಿಕೆಯಾಗಿ ಕುದುರಿಸಿ ಮುಗಿಸುವ ಏಜೆಂಟನಿಂದಲೂ ಇದೇ ಆಗಬಹುದು. ಅದಕ್ಕೇ ಏಜೆಂಟನಿಗೆ ಬೆಲೆ ಒಪ್ಪುವ ಅಧಿಕಾರ ಕೊಡಲಿಲ್ಲ, ಪ್ರತಿ ಆರ್ಡರನ್ನೂ ಕಾರ್ಖಾನೆಯಲ್ಲೇ ಪರಿಶೀಲಿಸಿ ಒಪ್ಪುವ ಪದ್ಧತಿ ಇಟ್ಟರು. ಅದು ಬರೀ ಕಾಗದದ ಮೇಲಿನ ಒಪ್ಪಿಗೆಯಾದರೆ ಉಪಯೋಗಕ್ಕೆ ಬಾರದು. ನಡೆಯುವುದನ್ನೇ ತೆರಿಗೆ ಇಲಾಖೆ ನೋಡುತ್ತದೆ.

ಹಣ ಬರುವ ದಾರಿ

ಪಕ್ಕದ ದೇಶದ ವ್ಯಾಪಾರದಲ್ಲಿ ಎಲ್‌ಸಿ (ದಾಖಲೆ ಸರಿಯಿದ್ದರೆ ಹಣ ಕೊಡುವುದಾಗಿ ಕೊಳ್ಳುವವನ ಬ್ಯಾಂಕು ಬರೆದುಕೊಡುವ ಭರವಸೆ ಪತ್ರ) ಅಷ್ಟು ಚೆನ್ನಾಗಿ ಹೊಂದುವುದಿಲ್ಲ, ಇದನ್ನು ಬ್ಯಾಂಕಿನವರೂ ಎಲ್ಲ ಸಲ ಹೇಳುವುದಿಲ್ಲ. ಇಂಥ ಪತ್ರಗಳಿಗೆ ಬ್ಯಾಂಕುಗಳು ಅನುಸರಿಸುವ ನಿಯಮಾವಳಿ ಯುಸಿಪಿ 600ರ ಪ್ರಕಾರ ಸಾಗಣೆಯ ನಂತರ 21 ದಿನದೊಳಗೆ ದಾಖಲೆ ಸಲ್ಲಿಸಬೇಕು, ಬ್ಯಾಂಕಿಗೆ ಪರಿಶೀಲಿಸಲು ಐದು ಬ್ಯಾಂಕ್ ದಿನಗಳವರೆಗೆ ಸಮಯ. ಹಡಗಿನ ಸರಕಿಗೆ ಇದು ಸರಿ. ಲಾರಿ ಮೂರನೆಯ ದಿನಕ್ಕೇ ಬಾಗಿಲಲ್ಲಿ ನಿಂತಿರುತ್ತದೆ; ದಾಖಲೆ ಇನ್ನೂ ಬ್ಯಾಂಕಿನ ಮೇಜಿನ ಮೇಲೆ.

ಹಾಗಾದರೆ ಬ್ಯಾಂಕಿನ ಮೂಲಕ ‘ಹಣ ಕೊಟ್ಟು ದಾಖಲೆ ಬಿಡಿಸಿಕೊಳ್ಳುವ’ ಪದ್ಧತಿ ಇಟ್ಟರೆ? ಅದೂ ಇಲ್ಲಿ ಹಿಡಿತ ಕೊಡುವುದಿಲ್ಲ. ಹಡಗಿನ ಸಾಗಣೆ ಪತ್ರ, ಅಂದರೆ ಬಿಲ್ ಆಫ್ ಲೇಡಿಂಗ್, ಕೈಯಲ್ಲಿದ್ದವನದೇ ಸರಕು. ಲಾರಿಯ ಸಾಗಣೆ ಚೀಟಿಗೆ ಆ ಗುಣವಿಲ್ಲ. ಅದರಲ್ಲಿ ಹೆಸರಿರುವವನಿಗೆ ಚಾಲಕ ಸರಕು ಇಳಿಸಿ ಹೋಗುತ್ತಾನೆ. ದಾಖಲೆ ಬಿಡಿಸದೆಯೇ ಯಂತ್ರ ಕೊಳ್ಳುವವನ ಶೆಡ್ಡಿನಲ್ಲಿ ಓಡುತ್ತಿರುತ್ತದೆ.

ಕೊನೆಗೆ ನಿಂತ ಪದ್ಧತಿ: ಆರ್ಡರಿನೊಂದಿಗೆ ಬೆಲೆಯ ಶೇಕಡಾ 30, ಕಾರ್ಖಾನೆಯಲ್ಲಿ ಗಿರಾಕಿಯ ಪುಡಿಯಿಂದಲೇ ಪರೀಕ್ಷೆ ಮಾಡಿ ತೋರಿಸಿ ಲಾರಿಗೆ ಏರಿಸುವ ಮೊದಲು ಶೇಕಡಾ 60, ಅಳವಡಿಸಿದ ಮೇಲೆ ಶೇಕಡಾ 10. ಪರೀಕ್ಷೆಗಾಗಿ ಗಿರಾಕಿ 20 ಕಿಲೊ ಪುಡಿ ಕಳಿಸಬೇಕು. ಇದರಿಂದ ಹಣವೂ ಭದ್ರ, ಸ್ಕ್ರೂ ಆಯ್ಕೆಯೂ ಮೊದಲೇ ಸರಿಯಾಗುತ್ತದೆ. ವಿತರಕ ಆರು ತಿಂಗಳು ಹೀಗೆ ನಡೆಸಿದ ಮೇಲೆ 45 ದಿನದ ಸಾಲ, ಏಕಕಾಲಕ್ಕೆ ಎರಡು ಯಂತ್ರದ ಮಿತಿ, ಅದಕ್ಕೆ ಬ್ಯಾಂಕಿನ ಸ್ಟ್ಯಾಂಡ್‌ಬೈ ಎಲ್‌ಸಿ. ಇಲ್ಲಿ ಎಲ್‌ಸಿ ಬಳಕೆಯಾಗುವುದು ಹಣ ತಪ್ಪಿದಾಗ ಮಾತ್ರ, ಆದ್ದರಿಂದ ಲಾರಿಯ ವೇಗ ಅಡ್ಡಿಯಲ್ಲ. ವ್ಯಾಜ್ಯಕ್ಕೆ ಮಧ್ಯಸ್ಥಿಕೆ ಎಂದು ಬರೆದರು. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಆ ತೀರ್ಪನ್ನು ಜಾರಿ ಮಾಡಿಸಬಹುದು. ಆದರೆ ಒಂದು ಯಂತ್ರದ ಬಾಕಿಗಾಗಿ ಮಧ್ಯಸ್ಥಿಕೆ ನಡೆಸಿದರೆ ಖರ್ಚೇ ಬಾಕಿಯನ್ನು ಮೀರುತ್ತದೆ. ಈ ಗಾತ್ರದ ವ್ಯಾಪಾರಕ್ಕೆ ಮುಂಗಡವೇ ನಿಜವಾದ ರಕ್ಷಣೆ.

ಗಡಿಯಲ್ಲಿ ನಿಂತ ಲಾರಿಗಳು

ಮೊದಲ ಲಾರಿ ನಿಂತದ್ದು ಮರದ ಪೆಟ್ಟಿಗೆಯಿಂದ. ಮರದೊಳಗಿನ ಕೀಟ ಗಡಿ ದಾಟದಿರಲಿ ಎಂದು ರಫ್ತಿನ ಕಚ್ಚಾ ಮರದ ಪ್ಯಾಕಿಂಗ್‌ಗೆ ಐಎಸ್‌ಪಿಎಂ 15 ನಿಯಮವಿದೆ: ಸಾಮಾನ್ಯ ಬಿಸಿ ಉಪಚಾರದಲ್ಲಿ ಮರದ ಒಳತಿರುಳೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಇದ್ದಿರಬೇಕು, ಮುದ್ರೆ ಒತ್ತಿರಬೇಕು. ಪೆಟ್ಟಿಗೆಗೆ ಮುದ್ರೆ ಇತ್ತು. ಲಾರಿಯಲ್ಲಿ ಅಲುಗಾಡದಿರಲಿ ಎಂದು ಏರಿಸುವಾಗ ಹುಡುಗರು ಕೊಟ್ಟ ಎರಡು ಆಪು ಹಲಗೆಗಳಿಗೆ ಇರಲಿಲ್ಲ. ಈಗ ಆಪು ಕೊಡಲು ಪ್ಲೈವುಡ್ ತುಂಡುಗಳನ್ನಷ್ಟೇ ಬಳಸುತ್ತಾರೆ. ಅಂಟು, ಶಾಖ, ಒತ್ತಡದಿಂದ ತಯಾರಾದ ಪ್ಲೈವುಡ್‌ಗೆ ಆ ನಿಯಮ ಅನ್ವಯಿಸುವುದಿಲ್ಲ.

ಎರಡನೆಯದು ಸಂಹಿತೆಯ ತಕರಾರು. ಚೀಲ ತುಂಬಿ ಮುಚ್ಚುವ ಯಂತ್ರ, ಸರಕುಗಳಿಗೆ ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಕಸ್ಟಮ್ಸ್ ಪಟ್ಟಿಯಾದ ಹಾರ್ಮನೈಸ್ಡ್ ಸಿಸ್ಟಮ್‌ನಲ್ಲಿ 8422.30. ನಿಗದಿತ ತೂಕವನ್ನು ಚೀಲಕ್ಕೆ ಸುರಿಯುವ ತಕ್ಕಡಿ 8423.30. ಇನ್‌ವಾಯ್ಸ್‌ನಲ್ಲಿ ‘ತೂಕದ ಪ್ಯಾಕಿಂಗ್ ಯಂತ್ರ’ ಎಂದಿತ್ತು, ಮೂಲ ಪ್ರಮಾಣಪತ್ರದಲ್ಲಿ 8422.30. ಅಧಿಕಾರಿ ಎರಡರಲ್ಲಿ ಯಾವುದು ಎಂದು ಕೇಳಿದರು, ಪ್ರಮಾಣಪತ್ರ ತಿರಸ್ಕೃತವಾಯಿತು. ಯಂತ್ರ ಅಳೆಯುವುದು ಗಾತ್ರವನ್ನು ಎಂದು ವಿವರಿಸುವ ಒಂದು ಪುಟದ ತಾಂತ್ರಿಕ ಟಿಪ್ಪಣಿ, ಎಲ್ಲ ಕಾಗದಗಳಲ್ಲೂ ಒಂದೇ ಹೆಸರು, ಇಷ್ಟರಿಂದ ಮುಂದಿನ ಲಾರಿಗಳು ಸಲೀಸಾದವು.

ಮೂರನೆಯದು ಬಿಡಿಭಾಗಗಳ ಪೆಟ್ಟಿಗೆ. ಯಂತ್ರದ ಭಾಗವಾಗಿ ಹೋದಾಗ ಮೋಟಾರಿಗೆ ಪ್ರತ್ಯೇಕ ಸುಂಕವಿಲ್ಲ. ಬಿಡಿಯಾಗಿ ಹೋದರೆ ಅದು 8501ರ ಅಡಿ ಬರುತ್ತದೆ. ಈ ಮೋಟಾರು ಮೂರನೆಯ ದೇಶದಲ್ಲಿ ತಯಾರಾದದ್ದು, ಆದ್ದರಿಂದ ಒಪ್ಪಂದದ ಸುಂಕ ವಿನಾಯಿತಿ ಸಿಗುವುದಿಲ್ಲ. ಪೆಟ್ಟಿಗೆಯ ಬೆಲೆ ಲೆಕ್ಕದಲ್ಲಿ ಇದನ್ನು ಯಾರೂ ಹಿಡಿದಿರಲಿಲ್ಲ. ಮೋಟಾರನ್ನು ವಿತರಕ ಅಲ್ಲೇ ಕೊಳ್ಳಲಿ ಎಂದು ಅಳತೆ, ಮಾದರಿ ಸಂಖ್ಯೆ ಕೊಟ್ಟು, ಪೆಟ್ಟಿಗೆಯಲ್ಲಿ ಸ್ಕ್ರೂ, ಸೀಲ್, ಚೀಲ ಮುಚ್ಚುವ ಬಿಸಿ ದವಡೆಯಂಥ ಸ್ವಂತ ತಯಾರಿಕೆಗಳನ್ನು ಮಾತ್ರ ಉಳಿಸಿಕೊಂಡರು.

ಸ್ವದೇಶದ ಡೀಲರ್

ಎಂಟನೆಯ ತಿಂಗಳಲ್ಲಿ ವಿತರಕನಿಂದ ಕೋಪದ ಪತ್ರ ಬಂತು. ತನ್ನ ಪ್ರದೇಶದಲ್ಲಿ ತಾನು ಮಾರದ ಮೂರು ಯಂತ್ರ ಓಡುತ್ತಿವೆ ಎಂದು. ಗಡಿ ಪಕ್ಕದ ಸ್ವದೇಶದ ಡೀಲರ್ 100ರ ಪಟ್ಟಿಯಲ್ಲಿ ಕೊಂಡು ಗಡಿಯಾಚೆಯವರಿಗೆ ಕೊಟ್ಟಿದ್ದರು. ಮೂಲ ಪ್ರಮಾಣಪತ್ರದೊಂದಿಗೆ ಒಯ್ದ ಗಿರಾಕಿಗೆ ಅದು 111.2ಕ್ಕೆ ಬೀಳುತ್ತದೆ, ವಿತರಕನ ಬಳಿ 122. ಸಮುದ್ರದಾಚೆಯ ಪೇಟೆಯಲ್ಲಿ ಇದು ಅಪರೂಪ. ಪಕ್ಕದ ದೇಶದಲ್ಲಿ ಎರಡು ಪಟ್ಟಿಗಳ ನಡುವೆ ಸಾಗಣೆ ಖರ್ಚಿಗಿಂತ ಹೆಚ್ಚು ಅಂತರವಿದ್ದರೆ ಆಗಿಯೇ ಆಗುತ್ತದೆ.

ಡೀಲರಿಗೆ ‘ಮಾರಬೇಡ’ ಎಂದು ಬರೆದುಬಿಡುವುದು ಸುಲಭ, ಆದರೆ ಸ್ಪರ್ಧಾ ಕಾನೂನು ನೋಡದೆ ಬರೆಯಬಾರದು. ಐರೋಪ್ಯ ಒಕ್ಕೂಟದೊಳಗೆ, ತಾನಾಗಿ ಬಂದ ಗಿರಾಕಿಗೆ ಮಾರುವುದನ್ನು ವಿತರಕನಿಗೆ ನಿಷೇಧಿಸುವುದು ಗಂಭೀರ ಉಲ್ಲಂಘನೆ. ಕಾರ್ಖಾನೆ ಹಿಡಿದ ದಾರಿ ಬೇರೆ. ಅಳವಡಿಕೆಯನ್ನು ಬೆಲೆಯಿಂದ ಬಿಡಿಸಿತು: ಯಾರಲ್ಲೇ ಕೊಂಡರೂ ಅಳವಡಿಕೆಗೆ, ಸ್ಥಳದಲ್ಲಿನ ಸರ್ವಿಸ್‌ಗೆ ಪ್ರತ್ಯೇಕ ಶುಲ್ಕ 8, ಅದು ಕೆಲಸ ಮಾಡಿದ ವಿತರಕನಿಗೇ ಸೇರುತ್ತದೆ. ವಿತರಕನಿಂದ ಕೊಂಡವರಿಗೆ ಅದು 122ರಲ್ಲೇ ಸೇರಿದೆ. ಅಲ್ಲಿಗೆ ಬೆಲೆಯ ಅಂತರ 10.8ರಿಂದ 2.8ಕ್ಕೆ ಇಳಿಯಿತು. ಮೂರು ಗಿರಾಕಿಗಳಲ್ಲಿ ಇಬ್ಬರು ತಿಂಗಳೊಳಗೆ ಶುಲ್ಕ ಕಟ್ಟಿ ಮೆಕ್ಯಾನಿಕ್‌ನನ್ನು ಕರೆಸಿಕೊಂಡರು.

ಹದಿನೆಂಟನೆಯ ತಿಂಗಳು

ವಿತರಕ 15 ಯಂತ್ರ ಎತ್ತಿದ್ದರು, ಏಜೆಂಟ್ 5 ಮಾರಿಸಿದ್ದರು. ಉಳಿದದ್ದು 264.6 ಮತ್ತು 139.5, ಒಟ್ಟು 404.1. ಕೈಪಿಡಿಯ ಅನುವಾದ, ಪರೀಕ್ಷಾ ವರದಿ, ಟ್ರೇಡ್‌ಮಾರ್ಕ್, ತರಬೇತಿ, ವಕೀಲರ ಶುಲ್ಕ ಸೇರಿ ಒಂದು ಬಾರಿಯ ಖರ್ಚು 150. ನಿವ್ವಳ 254.1. ಮೊದಲ ಪ್ರಸ್ತಾವಕ್ಕೆ ಸಹಿ ಹಾಕಿ, ಬಾಯಿಮಾತಿನ 20 ನಿಜವಾಗಿದ್ದರೂ, ಇದೇ ಅವಧಿಯಲ್ಲಿ 30 ಯಂತ್ರಕ್ಕೆ 112.5 ಬರುತ್ತಿತ್ತು.

ನವೀಕರಣಕ್ಕೆ ಕೂತಾಗ ವಿತರಕ ಮತ್ತೆ ಇಡೀ ದೇಶ ಕೇಳಿದರು. ಈ ಸಲ ಕಾರ್ಖಾನೆಯ ಮುಂದೆ 20 ಅಳವಡಿಕೆ ಚೀಟಿಗಳಿದ್ದವು. ವಿತರಕನ ಮೆಕ್ಯಾನಿಕ್‌ಗಳು ದೂರಿಗೆ ಸರಾಸರಿ ಎರಡು ದಿನದಲ್ಲಿ ಸ್ಪಂದಿಸಿದ್ದರು, ಏಜೆಂಟನ ಪ್ರದೇಶದಲ್ಲಿ ಕಾರ್ಖಾನೆಯ ಮೆಕ್ಯಾನಿಕ್ ತಲುಪಲು ಒಂಬತ್ತು ದಿನ ಆಗಿತ್ತು. ಅದರಿಂದ ಸರ್ವಿಸ್ ಮಾತ್ರ ಇಡೀ ದೇಶಕ್ಕೆ ವಿತರಕನಿಗೆ ಹೋಯಿತು, ಭೇಟಿಗಿಷ್ಟು ಎಂಬ ದರದಲ್ಲಿ. ಮಾರಾಟದ ಪ್ರದೇಶ ಹಿಂದಿನಂತೆಯೇ ಉಳಿಯಿತು. ಅವಧಿ ಎರಡು ವರ್ಷ. ಶಾಖೆಯ ಲೆಕ್ಕವನ್ನೂ ಮತ್ತೆ ತೆಗೆದರು: ಶಾಖೆಯ 40.8ಕ್ಕೂ ವಿತರಕನ 17.64ಕ್ಕೂ ವ್ಯತ್ಯಾಸ 23.16, ಅಂದರೆ ಆ ಒಂದು ಪ್ರದೇಶವೇ ವರ್ಷಕ್ಕೆ 39 ಯಂತ್ರ ದಾಟಿದ ದಿನ ಶಾಖೆ ಲಾಭಕ್ಕೆ ಬರುತ್ತದೆ. ಆ ಸಂಖ್ಯೆಯನ್ನು ವಿತರಕನಿಂದ ಮುಚ್ಚಿಡಲಿಲ್ಲ. ಸತತ ಎರಡು ವರ್ಷ 39 ದಾಟಿದರೆ ಕಾರ್ಖಾನೆ ಅಲ್ಲಿ ಕಂಪನಿ ತೆರೆಯಬಹುದು, ಆಗ ವಿತರಕನ ಮೆಕ್ಯಾನಿಕ್‌ಗಳನ್ನೂ ಬಿಡಿಭಾಗಗಳ ದಾಸ್ತಾನನ್ನೂ ಕೊಂಡ ಬೆಲೆಗೆ ತೆಗೆದುಕೊಂಡು, ಹಿಂದಿನ ಹನ್ನೆರಡು ತಿಂಗಳ ಖರೀದಿಯ ಶೇಕಡಾ 6ನ್ನು ಬೀಳ್ಕೊಡುಗೆಯಾಗಿ ಕೊಡಬೇಕು ಎಂದು ಹೊಸ ಒಪ್ಪಂದದ ಹದಿನಾಲ್ಕನೆಯ ಕಲಮಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು.